ಧೊಂಡಿಬಾನ ಕಿವಿ

ಶ್ರೀಪಾಲ ಕಲ್ಲೆತ್ತಿದ. ಕಾರಿನ ಗಾಜಿಗೆ ಇನ್ನೊಂದು ಗೇಣು ಇರುವಾಗ ಅವನ ಅಪ್ಪ ಆಬಾಸಾಹೇಬರು ಓಡಿಬಂದು ಕೈ ಹಿಡಿದರು.

“ಒಡೀಬ್ಯಾಡೋ! ಇಂಥಾ ದಿನಾ ಗಾಜ ಒಡದ್ರ ಅಪಶಕುನ.”

“ಮತ್ತ ಹೆಂಗ ಹೋಗೂದ್ರಿ ಅಪ್ಪಾ? ಹಾರಿಕೊಂಡ ಹೋಗೂದೇನು?”

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇಚಲಕರಂಜಿಯ ಆ ಓಣಿಗೆಲ್ಲ ಇದ್ದದ್ದು ಅದೊಂದೇ ಕಾರು, ಹಳೆಯ ಕರಿ ಶೆವರ್ಲೆ. ನಾಲ್ಕೂ ಬಾಗಿಲು ಭದ್ರ. ಕೀಲಿಕೈ ಮಾತ್ರ ಒಳಗೆ, ಡ್ರೈವರನ ಸೀಟಿನ ಮೇಲೆ, ಎಲ್ಲರಿಗೂ ಕಾಣುವಂತೆ ಹಾಯಾಗಿ ಮಲಗಿತ್ತು. ಅದರ ಜೋಡಿ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು.

ಅರವತ್ತೊಂದನೆಯ ಇಸವಿಯ ವೈಶಾಖ. ಅವತ್ತು ಆಬಾಸಾಹೇಬರ ಮಗಳು, ಶಾಲನ ಎಂಬುವಳು, ದೀಕ್ಷೆ ತೆಗೆದುಕೊಳ್ಳುವ ದಿನ. ಇಪ್ಪತ್ತೆರಡರ ಹುಡುಗಿ ತಲೆಗೂದಲು ಕಿತ್ತಿಸಿಕೊಂಡು, ಬಿಳಿ ಸೀರೆ ಉಟ್ಟು, ಮುನಿಸಂಘದ ಹಿಂದೆ ಬರಿಗಾಲಲ್ಲಿ ನಡೆದುಹೋಗುವವಳು. ಆಮೇಲೆ ಅವಳಿಗೆ ಅಪ್ಪನಿಲ್ಲ, ಅಣ್ಣನಿಲ್ಲ, ಈ ಮನೆಯೂ ಇಲ್ಲ. ಮುಹೂರ್ತ ಹತ್ತು ಗಂಟೆಗೆ, ಕುರುಂದವಾಡದಲ್ಲಿ. ಬೀಗರು ಬಿಜ್ಜರೆಲ್ಲ ನಸುಕಿನಲ್ಲೇ ಲಾರಿ ಹತ್ತಿ ಹೋಗಿದ್ದರು. ಸಂಘ ನಾಳೆಯೇ ಮುಂದಿನ ಊರಿಗೆ ಹೊರಡುವುದು. ಇವತ್ತು ತಪ್ಪಿದರೆ ಮತ್ತೆ ಮುಹೂರ್ತ ಚಾತುರ್ಮಾಸ ಮುಗಿದು, ದೀಪಾವಳಿ ಕಳೆದ ಮೇಲೆಯೇ. ಈಗ ಎಂಟೂವರೆ.

ಆಬಾಸಾಹೇಬರು ಬಸದಿಯಲ್ಲಿ ಊರ ಮುಂದೆ ನಿಂತು ಒಪ್ಪಿಗೆ ಕೊಟ್ಟಿದ್ದರು. ‘ನನ್ನ ಮನಿತನ ಪಾವನ ಆತು’ ಅಂದಿದ್ದರು. ಊರು ಅವರನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿತ್ತು.

ಈಗ ಎಲ್ಲರ ಕಣ್ಣು ಡ್ರೈವರ್ ಧೊಂಡಿಬಾನ ಮೇಲೆ.

ಗಡಹಿಂಗ್ಲಜ ಕಡೆಯ ಮರಾಠಿ ಮನುಷ್ಯ. ಹದಿನಾರು ವರ್ಷದಿಂದ ಇದೇ ಮನೆಯಲ್ಲಿ. ಅವನ ಕನ್ನಡವೆಂದರೆ ಓಣಿಗೆಲ್ಲ ತಮಾಷೆ. ಬಂದ ಹೊಸದರಲ್ಲಿ ಯಾರೋ ‘ಚೀಲದ ಬಾಯಿ ಕಟ್ಟು’ ಅಂದರೆ, ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸಲ್ಲವೇ, ‘ಯಾವ ಬಾಯಿನ್ನ ಕಟ್ಟಲ್ರಿ?’ ಎಂದು ಬೆವರೊರೆಸಿಕೊಂಡು ಕೇಳಿದ ಪುಣ್ಯಾತ್ಮ.

“ಸಾವಕಾರ್ರು ಕೀಲಿ ಹಾಕು ಅಂದ್ರು,” ಎಂದ, ನೆಲ ನೋಡುತ್ತ. “ನಾ ಕಿಲ್ಲಿ ಒಳಗ ಹಾಕಿದ್ನಿ.”

ನಮ್ಮಲ್ಲಿ ಕೀಲಿ ಹಾಕುವುದೆಂದರೆ ಬೀಗ ಹಾಕುವುದು. ಮರಾಠಿಯವರಿಗೆ ಕಿಲ್ಲಿ ಎಂದರೆ ಕೀಲಿಕೈ. ನೆರೆಮನೆಯ ಜಿನಮತಿ ಸೆರಗು ಬಾಯಿಗಿಟ್ಟು ನಕ್ಕರು. “ಎಲಾ ಇವನ! ಹದಿನಾರ ವರ್ಷ ನಮ್ಮ ರೊಟ್ಟಿ ತಿಂದರೂ ಕನ್ನಡ ಮೈಗೆ ಹತ್ತಲಿಲ್ಲ ನೋಡ್ರಿ!”

ಶ್ರೀಪಾಲ ನಗಲಿಲ್ಲ. “ಕಿವಿ ಅಲ್ಲ, ಇವನ ಮನಸ್ಸ ಕೆಟ್ಟೈತಿ. ತಂಗಿನ್ನ ಎತ್ತಿ ಆಡಿಸ್ಯಾನಲ್ಲ, ಹೋಗಗೊಡಬಾರದಂತ ಬೇಕಂತನ ಮಾಡ್ಯಾನ!”

ಅವನ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಶಾಲನಳನ್ನು ಆರನೆಯ ವಯಸ್ಸಿನಿಂದ ದಿನಾ ಸಾಲೆಗೆ ಬಿಟ್ಟು ಬಂದವನು ಧೊಂಡಿಬಾ. ಈ ವಾರವೆಲ್ಲ ಅವನು ಹೊಟ್ಟೆತುಂಬ ಉಂಡಿರಲಿಲ್ಲ. ನಿನ್ನೆ ಸಂಜೆ ಕಾರು ಒರೆಸುವ ಅರಿವೆಯಿಂದಲೇ ಕಣ್ಣೊರೆಸಿಕೊಂಡದ್ದನ್ನು ಜಿನಮತಿಯೇ ನೋಡಿದ್ದರು.

ಧೊಂಡಿಬಾ ಒಮ್ಮೆ ಆಬಾಸಾಹೇಬರತ್ತ ನೋಡಿದ. ಅವರು ಬಗ್ಗಿ ಒಂದು ತಂತಿಯನ್ನು ನೆಟ್ಟಗೆ ಮಾಡುತ್ತಿದ್ದರು.

“ಇಲ್ರಿ. ನನ್ನ ಕಿವೀದ ಚೂಕ ಐತ್ರಿ, ತಪ್ಪ ಕೇಳಿಸ್ಕೊಂಡ್ನಿ,” ಎಂದ.

“ಹಂಗಾರ ನಾಳಿಂದ ಈ ಮನಿ ಹೊಸ್ತಲಾ ತುಳೀಬ್ಯಾಡ!” ಎಂದು ಒದರಿ ಶ್ರೀಪಾಲ ಬೇರೆ ಗಾಡಿ ಹುಡುಕಲು ಪೇಟೆಗೆ ಓಡಿದ.

ಆಬಾಸಾಹೇಬರು ತಲೆ ಎತ್ತದೆ ಬಾಗಿಲ ಸಂದಿನಲ್ಲಿ ತಂತಿ ತೂರಿಸಿದರು. ಮಗ್ಗದಲ್ಲಿ ಹರಿದ ಎಳೆಯನ್ನು ಮಾತಾಡುತ್ತಲೇ ಗಂಟು ಹಾಕುವ ಕೈ ಅದು. ಇವತ್ತು ಮಾತ್ರ ತಂತಿ ಒಳಗಿನ ಗುಂಡಿಯವರೆಗೂ ಹೋಗಿ ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ಗಡಿಯಾರ ಒಂಬತ್ತು ಹೊಡೆಯಿತು.

ಶಾಲನ ಹೊರಗೆ ಬಂದಳು. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಕೈತುಂಬ ಬಳೆ, ಥೇಟ್ ಮದುಮಗಳೇ. ತಂತಿ ಜಾರುವುದನ್ನು ಎರಡು ಸಲ ನೋಡಿದಳು. ಬಾಗಿದ ಅಪ್ಪನ ಬೆನ್ನನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಮುಂದಿನ ಬಾಗಿಲಿಗೆ, ಗಾಳಿಗೆಂದು ಇಟ್ಟಿದ್ದ ಮೂರು ಮೂಲೆಯ ಸಣ್ಣ ಗಾಜನ್ನು ಒತ್ತಿದಳು. ಚಿಲಕ ಸಡಿಲಾಗಿತ್ತು, ಗಾಜು ತಿರುಗಿತು. ಗಂಡಸರ ಕೈ ಹಿಡಿಸದ ಸಂದು. ಉಪವಾಸ ಮಾಡಿ ಮಾಡಿ ಸೊರಗಿದ ಅವಳ ಕೈಗೆ ಅಷ್ಟು ಸಾಕು, ಬಳೆಗಳದ್ದೇ ಅಡ್ಡಿ. ಒಂದೊಂದಾಗಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

“ಬ್ಯಾಡ ಶಾಲನ,” ಎಂದರು ಆಬಾಸಾಹೇಬರು. “ಕೈ ಕೊಯ್ದೀತು. ಬ್ಯಾಡ ಮಗಳ, ಬ್ಯಾಡ.”

“ಏನೂ ಆಗೂದಿಲ್ರಿ ಅಪ್ಪಾ. ಹಗೂರಕ ಹೋಗ್ತೇನಿ.”

ಕೈ ಮೊಳಕೈವರೆಗೆ ಒಳಗೆ ಹೋಯಿತು. ಖಟ್ ಎಂದಿತು. ಬಾಗಿಲು ತೆರೆಯಿತು. ಓಣಿಯೆಲ್ಲ ಜಯಕಾರ ಹಾಕಿತು. ಆಬಾಸಾಹೇಬರು ಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಸಿದು ಕುಳಿತರು. ಪಾಪ, ಸಂತೋಷ ತಡೆಯಲಾಗಲಿಲ್ಲ ಎಂದರು ಜಿನಮತಿ.

“ನೀ ನಡಿ. ಶ್ರೀಪಾಲ ಗಾಡಿ ತಂದ ಕೂಡಲೆ ನಾವು ಹಿಂದಿಂದ ಬರ್ತೇವಿ,” ಎಂದರು ಆಬಾಸಾಹೇಬರು. ಶಾಲನ ಅಪ್ಪನ ಕಾಲಿಗೆ ಬಿದ್ದಳು. ತಲೆಯ ಮೇಲಿಟ್ಟ ಕೈಯನ್ನು ಅವರು ತೆಗೆಯಲೇ ಇಲ್ಲ. ಕೊನೆಗೆ ಅವಳೇ ಮೆಲ್ಲಗೆ ಸರಿಸಿ ಎದ್ದು ಕಾರಿನಲ್ಲಿ ಕುಳಿತಳು.

ಕಾರು ಊರು ದಾಟಿತು. ಧೊಂಡಿಬಾನಿಗೆ ದಾರಿ ಮಸುಕಾಗುತ್ತಿತ್ತು. ತೋಳಿನಿಂದ ಕಣ್ಣೊರೆಸಿಕೊಂಡ.

“ಕ್ಷಮಾ ಮಾಡ ತಾಯಿ. ನನ್ನ ದಡ್ಡ ಕಿವಿ ನಿನ್ನ ಮುಹೂರ್ತನ ತಪ್ಪಸ್ತಿತ್ತು.”

ಹಿಂದಿನ ಸೀಟಿನಲ್ಲಿ ಶಾಲನ ಬರಿಗೈಯಿಂದ ಮುಖ ಮುಚ್ಚಿಕೊಂಡು, ಬೆಳಗಿನಿಂದ ತಡೆದದ್ದನ್ನೆಲ್ಲ ಅತ್ತುಬಿಟ್ಟಳು.

“ಸುಳ್ಳ ಸಾಕ್ರಿ ಕಾಕಾ. ನಾ ಕಿಡಕ್ಯಾಗ ನಿಂತಿದ್ನಿ. ಕಿಲ್ಲಿ ಒಳಗ ಇಟ್ಟ ಬಾಗಲಾ ಹಾಕಂತ ಖುದ್ದ ಅಪ್ಪಾನ ನಿಮ್ಮ ಕೈ ಹಿಡಕೊಂಡ, ಅಳಕೋತ ಹೇಳಿದ್ರು, ಅದೂ ಮರಾಠಿಯೊಳಗ.”