ಬಿಸಿ ಗಂಜಿ

ತಾಯಿಯಿಲ್ಲದ ಮೊಮ್ಮಗಳ ಗಂಟಲುಬೇನೆ, ಮಾತ್ರೆ ಮುಗಿದ ವಾರದೊಳಗೆ ಮೂರನೆಯ ಸಲ ಮರುಕಳಿಸಿತ್ತು. ಈ ಸಲ ಹೃದಯಕ್ಕೂ ಪೆಟ್ಟು ಬಿದ್ದಿತ್ತು.

"ಒಂದ್ ಗುಳಿಗಿನೂ ತಪ್ಪಿಸಿಲ್ಲರೀ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

"ಮನ್ಯಾಗ ಯಾರದೋ ಗಂಟಲದಾಗ ರೋಗಾಣು ಅಡಗಿರಬೇಕು. ಅವರಿಗೆ ನೋವಿರೂದಿಲ್ಲ, ಅವರ ಎಂಜಲದಿಂದ ಕೂಸಿಗೆ ಹತ್ತತಾವ," ಎಂದರು ಡಾಕ್ಟರು. "ಎಲ್ಲಾರೂ ಪರೀಕ್ಷೆ ಮಾಡಿಸ್ಕೋರಿ."

ಅಜ್ಜಿಗೆ ಕೆಮ್ಮುವ ಕೆಲಸದಾಕೆಯ ಮೇಲೆ ಗುಮಾನಿ. ತಾನೇ ಆಕೆಯನ್ನು ಪರೀಕ್ಷೆಗೆ ಎಳೆದುಕೊಂಡು ಹೋದಳು; ಮನೆಯವರೆಲ್ಲರ ಜೊತೆ ತಾನೂ ಮಾಡಿಸಿಕೊಂಡಳು.

ಮೂರನೆಯ ದಿನ ಡಾಕ್ಟರು ವರದಿ ನೋಡಿ ದನಿ ತಗ್ಗಿಸಿದರು. "ಆಕಿದು ಸ್ವಚ್ಛ ಅದ. ರೋಗಾಣು ಇರೂದು ನಿಮ್ಮೊಬ್ಬರ ಗಂಟಲದಾಗ."

ಅಂದು ಸಂಜೆ ಅಜ್ಜಿ ಗಂಜಿಯ ಬಟ್ಟಲನ್ನು ದೂರದಿಂದಲೇ ಮೊಮ್ಮಗಳತ್ತ ಸರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು.

"ದಿನಾ ಊದಿ, ನೀ ಒಂದ್ ಗುಟುಕ ಕುಡದು ನನಗ ಕುಡಸ್ತಿದ್ದಿ," ಎಂದಿತು ಮಗು. "ಇವತ್ತ್ಯಾಕ ಊದವಲ್ಲಿ ಅಜ್ಜೀ, ನನ್ ಮ್ಯಾಲ ಸಿಟ್ಟಾಗಿಯೇನ?"