ಮೂರು ಬಿಳಿ ಗೆರೆ

ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಎಣ್ಣೆಕೊಳವೆ ಸಿಡಿದು ಮಗ ತೀರಿಕೊಂಡ ಹತ್ತು ದಿನಕ್ಕೆ ಬಸಲಿಂಗಯ್ಯನವರು ಅಲ್ಲಿಗೆ ಬಂದರು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಮರಳಿಸಬೇಕಾದ ವಾಲ್ವ್ ಅಂದು ತೆರೆದಿರಲಿಲ್ಲ. ಅದರ ನಟ್ಟನ್ನು ಯಾರೋ ಅತಿಯಾಗಿ ಬಿಗಿದಿದ್ದಾರೆ ಎಂದು ವಿಚಾರಣೆಗೆ ಬಂದವರು ಹೇಳಿದ್ದರು.

ನಿವೃತ್ತರಾಗುವ ದಿನ ಆ ವಾಲ್ವಿನ ನಟ್ಟು ಬಿಗಿದು ಹೊಂದಿಸಿದ್ದವರು ಬಸಲಿಂಗಯ್ಯನವರೇ. ಹೊಂದಿಸಿದ ಮೇಲೆ ಶಿವನನ್ನು ನೆನೆದು, ನಟ್ಟಿನಿಂದ ವಾಲ್ವಿನ ಮೈವರೆಗೆ ಬಿಳಿ ಬಣ್ಣದಲ್ಲಿ ವಿಭೂತಿಯಂತೆ ಮೂರು ಗೆರೆ ಎಳೆಯುವುದು ಅವರ ಪದ್ಧತಿ. ಆಮೇಲೆ ಯಾರು ಕೂದಲೆಳೆಯಷ್ಟು ತಿರುವಿದರೂ ಗೆರೆಗಳು ತುಂಡಾಗುತ್ತಿದ್ದವು. ಈ ಗುಟ್ಟನ್ನು ಅವರು ಹೇಳಿಕೊಟ್ಟದ್ದು ತಮ್ಮ ಜಾಗಕ್ಕೆ ಬಂದ ತಿರಕಪ್ಪನೊಬ್ಬನಿಗೆ.

ಬಸಲಿಂಗಯ್ಯನವರು ಎದುರು ಬಂದು ನಿಂತಾಗ ತಿರಕಪ್ಪ ತನ್ನ ಹತ್ಯಾರದ ಪೆಟ್ಟಿಗೆ ಮುಚ್ಚುತ್ತಿದ್ದ.

“ವಾಲ್ವ್ ಎಲ್ಲೈತಿ?”

“ಬಿಚ್ಚಿ ಇಟ್ಟೇನ್ರಿ ಅಯ್ನಾರ. ಅದನ್ನ ನೋಡಿ ಏನ್ ಮಾಡ್ತೀರಿ?”

“ಮುಚ್ಚಿಡೋದ್ಯಾಕ? ಒತ್ತಡ ಏರಿ ಮಾಲು ಜಲ್ದಿ ಬರ್ಲಿ ಅಂತ ನೀನ ಬಿಗದಿ, ಹೌದಲ್ಲೋ?”

“ಹೌದ್ರಿ, ನಾನ ಬಿಗದೆ. ಸಾಹೇಬ್ರಿಗೂ ಹಂಗ ಬರದು ಕೊಟ್ಟೇನಿ. ನಾಳೆಯಿಂದ ನನಗ ಕೆಲಸಿಲ್ಲ. ಇನ್ನ ಮನಿಗೆ ಹೋಗ್ರಿ.”

“ನನ್ನ ಮಗನ್ನ ತಿಂದಿ. ತುಂಡಾದ ಗೆರಿ ಕಣ್ಣಾರೆ ನೋಡಿನ ಹೋಗಾಂವ ನಾ.”

ತಿರಕಪ್ಪ ಅಡ್ಡ ಬರುವ ಮೊದಲೇ ಅವರು ಅವನ ಪೆಟ್ಟಿಗೆ ತೆರೆದು, ಬಟ್ಟೆಯ ಗಂಟು ಬಿಚ್ಚಿ, ವಾಲ್ವನ್ನು ಬೆಳಕಿಗೆ ಹಿಡಿದರು.

ನಟ್ಟಿನಿಂದ ಮೈವರೆಗೆ ಅಂದು ಅವರೇ ಎಳೆದಿದ್ದ ಮೂರೂ ಗೆರೆಗಳು ಎಲ್ಲಿಯೂ ತುಂಡಾಗದೆ ನೆಟ್ಟಗೆ ಇಳಿದಿದ್ದವು.