ನಾಲಿಗೆಯ ಚಂದಾ

ಯುಗಾದಿಯ ಬೆಳಿಗ್ಗೆ ನೀಲಾಂಬಿಕಾ ಬೇವು ಬೆಲ್ಲ ಕಲಸಿ ಬಟ್ಟಲಿಗೆ ಹಾಕಿದಳು. ರುಚಿ ನೋಡುವ ಗೋಜಿಗೆ ಹೋಗಲಿಲ್ಲ. ಎರಡು ವರ್ಷದ ಹಿಂದೆ, ಉಚಿತ ದಿನಭವಿಷ್ಯ ಎಂಬ ಮೆಸೇಜು ಬಂದಾಗ ಅವಳು ಫೋನಿನಲ್ಲಿ ಒಂದನೇ ಅಂಕಿ ಒತ್ತಿದ್ದಳು. ಅಂದಿನಿಂದ ಕಂಪನಿಯವರು ಚಂದಾ ಎಂದು ತಿಂಗಳಿಗೊಂದು ರುಚಿ ಕಡಿತ ಮಾಡಿಕೊಂಡು, ಆರೇ ತಿಂಗಳಲ್ಲಿ ಅವಳ ನಾಲಿಗೆಯನ್ನು ಬರಿದು ಮಾಡಿದ್ದರು. ಓಣಿಯ ಅರ್ಧ ಜನರದ್ದೂ ಇದೇ ಪಾಡು. ಈಗ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಅವಳ ಅಡುಗೆ ನಡೆಯುತ್ತಿದ್ದುದು ಏಳು ವರ್ಷದ ಮಗಳು ಶಾಲ್ಮಲಾಳ ನಾಲಿಗೆಯ ಮೇಲೆ. ಉಪ್ಪು ಸಾಕೋ, ಹುಳಿ ಹೆಚ್ಚಾಯಿತೋ ಅವಳೇ ಹೇಳಬೇಕು. ಬೇವು ತಿಂದು ಮಗಳು ಮುಖ ಕಿವುಚಿದರೆ ನೀಲಾಂಬಿಕಾಗೆ ಅದೇ ಹಬ್ಬ.

ಇಂದು ಶಾಲ್ಮಲಾ ಬೇವನ್ನು ಅಗಿದು ನುಂಗಿದಳು, ಮುಖ ಕಿವುಚಲಿಲ್ಲ.

“ಯಾಕವ್ವಾ, ಕಹಿ ಇಲ್ಲೇನು?” ನೀಲಾಂಬಿಕಾ ಮಗಳನ್ನು ಕೇಳಿದಳು.

“ಏನೂ ಗೊತ್ತಾಗವಲ್ದು. ನೀ ತಿನ್ನ ಬೇ ಮೊದಲ.”

“ಫೋನ್ ಮುಟ್ಟಿದ್ದೇನು?”

“ನಿನ್ನೆ ಮೆಸೇಜ್ ಬಂದಿತ್ತು. ಹೋದ ರುಚಿ ವಾಪಸ್ ಬರಬೇಕಂದ್ರ ಒಂದು ಒತ್ರಿ ಅಂತಿತ್ತು. ನಿನ್ನ ಸಲುವಾಗಿ ಒತ್ತಿದೆ.”

ಯಾರ ನಾಲಿಗೆಯಿಂದ ತೆಗೆದು ಕೊಡುತ್ತೇವೆಂದು ಅವರು ಬರೆದಿರಲಿಲ್ಲ.

ನೀಲಾಂಬಿಕಾ ಬೇವಿನ ಒಂದು ಎಸಳನ್ನು ಬಾಯಿಗಿಟ್ಟಳು. ಕಹಿ ಗಂಟಲಿನವರೆಗೂ ಇಳಿಯಿತು. ಅಳು ಬರಬೇಕಿತ್ತು, ಬರಲಿಲ್ಲ.

“ಬಂತೇನ ಬೇ?” ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

ನೀಲಾಂಬಿಕಾ ಅವಳಿಗೆ ಚೆನ್ನಾಗಿ ಕಾಣುವಂತೆ ಮುಖ ಕಿವುಚಿದಳು. ಶಾಲ್ಮಲಾ ಚಪ್ಪಾಳೆ ತಟ್ಟಿ ಕುಣಿದಳು.